ಯಾರೂ ತಟ್ಟಿ ನೋಡದ ಮಡಕೆ

ಮಡಕೆ ಕೊಳ್ಳುವಾಗ ನಾವೆಲ್ಲ ಮಾಡುವ ಕೆಲಸ ಒಂದಿದೆ. ಬೆರಳ ಗೆಣ್ಣಿನಿಂದ ಅದರ ಹೊಟ್ಟೆಗೆ ಎರಡು ಸಲ ತಟ್ಟಿ ಕಿವಿ ಕೊಡುತ್ತೇವೆ. ಠಣ್ ಅಂದರೆ ಚೆನ್ನಾಗಿ ಬೆಂದಿದೆ, ತಗೋಬಹುದು. ಸದ್ದು ಮಂಕಾಗಿ ಬಂದರೆ ಕಣ್ಣಿಗೆ ಕಾಣದ ಬಿರುಕು ಎಲ್ಲೋ ಇದೆ, ಪಕ್ಕಕ್ಕೆ ಇಡು. ನನಗೆ ಇದನ್ನು ಹೇಳಿಕೊಟ್ಟಿದ್ದು ಅಜ್ಜಿ, ಪಾಂಡವಪುರದ ಸಂತೆಯಲ್ಲಿ.

ಬೆಂಗಳೂರಿನ ಪಾಟರಿ ಟೌನ್‌ನಲ್ಲಿ, ಬೆನ್ಸನ್ ಟೌನ್ ಪಕ್ಕದ ಆ ಗಲ್ಲಿಗಳಲ್ಲಿ, ಮಡಕೆ ಮಾರುವ ಒಬ್ಬರು ಅಮ್ಮ ಇದ್ದಾರೆ. ದೀಪಾವಳಿಗೆ ಹಣತೆ, ಗೌರಿ ಹಬ್ಬಕ್ಕೆ ಗಣಪ, ಬೇಸಿಗೆಗೆ ನೀರಿನ ಹೂಜಿ, ಹೀಗೆ ವರ್ಷವಿಡೀ ಅವರ ಮನೆ ಮುಂದೆ ಏನಾದರೂ ಒಣಗುತ್ತಾ ಇರುತ್ತದೆ. ಒಂದು ದಿನ ನಾನು ಒಂದೊಂದೇ ಮಡಕೆ ತಟ್ಟಿ ತಟ್ಟಿ ನೋಡುತ್ತಿದ್ದೆ. ಅವರು ನೋಡಿ ನಕ್ಕರು. ಆಮೇಲೆ ಹೇಳಿದರು, 'ಒಂದು ಮಡಕೇನ ಮಾತ್ರ ಯಾರೂ ತಟ್ಟಿ ನೋಡಲ್ಲ ಕಣಮ್ಮ. ಬರ್ತಾರೆ, ಕೈಗೆ ಸಿಕ್ಕಿದ್ದು ಎತ್ಕೊಂಡು ಹೋಗ್ತಾರೆ. ಚೌಕಾಸಿನೂ ಇಲ್ಲ. ಎಷ್ಟೋ ಜನ ಚಿಲ್ಲರೆ ಕೂಡ ಕೇಳಲ್ಲ.'

ಯಾವ ಮಡಕೆ ಅಂತ ನಾನು ಕೇಳಲಿಲ್ಲ. ಕೇಳುವ ಹಾಗೇ ಇರಲಿಲ್ಲ.

ನಮ್ಮ ಜೀವನದ ಮುಖ್ಯ ದಿನಗಳಲ್ಲೆಲ್ಲ ಮಡಕೆ ಇದೆ. ಮದುವೆಗೆ ಸುಣ್ಣ ಕೆಮ್ಮಣ್ಣು ಬಳಿದ ಅರಿವೇಣಿ ಮಡಕೆಗಳನ್ನು ಕುಂಬಾರರ ಮನೆಯಿಂದ ವಾಲಗದ ಸಮೇತ ತರುತ್ತೇವೆ. ಆದರೆ ಸಾವಿನ ಮಡಕೆಯ ಮುಖವನ್ನು ಯಾರೂ ಸರಿಯಾಗಿ ನೋಡಿರಲ್ಲ. ಎರಡು ಮೂರು ಗಂಟೆ ಅದು ನಮ್ಮ ಕೈಯಲ್ಲಿರುತ್ತದೆ, ಆಮೇಲೆ ಚೂರು. ನಾನು ಐದಾರು ವರ್ಷದಿಂದ ಮಣ್ಣಿನ ಕೆಲಸ ಕಲಿಯುತ್ತಿದ್ದೇನೆ. ಗ್ಯಾಲರಿಗಳಲ್ಲಿ ಸೆರಾಮಿಕ್ ಕಲೆ ಅಂತ ಇಟ್ಟಿದ್ದನ್ನು ಸಾಕಷ್ಟು ನೋಡಿದ್ದೇನೆ. ಈಗ ನನಗೆ ಅನ್ನಿಸುವುದು ಇಷ್ಟು: ನಮ್ಮಲ್ಲಿ ದುಃಖವನ್ನು ಮಣ್ಣಲ್ಲಿ ಹೇಳುವ ಅತಿ ದೊಡ್ಡ ಕೆಲಸ ಆ ತಟ್ಟಿ ನೋಡದ ಮಡಕೆಯೇ. ಅದನ್ನು ಮಾಡಿದವರ ಹೆಸರನ್ನು ಯಾರೂ ಕೇಳಿಲ್ಲ ಅಷ್ಟೇ.

ಯಾಕೆ ಹೀಗೆ ಅನ್ನಿಸಿತು ಅಂತ ಹೇಳಬೇಕಾದರೆ ಅಪ್ಪನ ವಿಷಯ ಹೇಳಬೇಕು.

ಅಪ್ಪ ತೀರಿಕೊಂಡಿದ್ದು 2016ರ ಆಷಾಢದಲ್ಲಿ, ಪಾಂಡವಪುರದ ಹತ್ತಿರದ ನಮ್ಮೂರಲ್ಲಿ. ಮಧ್ಯಾಹ್ನದ ಹೊತ್ತಿಗೆ ಚಟ್ಟ ಕಟ್ಟಿ ಆಯಿತು. ತಮ್ಮ ಒದ್ದೆ ಪಂಚೆ ಉಟ್ಟು, ಹಗ್ಗದಲ್ಲಿ ನೇತಾಡುವ ಬೆಂಕಿ ಮಡಕೆ ಹಿಡಿದು ಮುಂದೆ ನಡೆದ. ತಮಟೆ ಶುರುವಾಯಿತು. ನಾವು ಹೆಂಗಸರು ಬೀದಿ ತಿರುವಿನವರೆಗೆ ಹೋದೆವು. ಅಲ್ಲಿ ದೊಡ್ಡಪ್ಪ ಕೈ ಅಡ್ಡ ಹಿಡಿದು 'ಇನ್ನು ಸಾಕು, ಹೆಣ್ಮಕ್ಕಳು ಮನೆಗೆ ಹೋಗಿ' ಅಂದರು. ಒರಟಾಗಿ ಅಲ್ಲ. ಅವರೂ ಅಳುತ್ತಿದ್ದರು. ಮನೆಗೆ ಬಂದು ನೆಲ ತೊಳೆದೆವು, ಅಪ್ಪನನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟೆವು. ಸಂಜೆ ಗಂಡಸರು ಬಂದು, ಬಾಗಿಲಲ್ಲೇ ನಿಂತು ದೀಪ ನೋಡಿ, ತಂತಮ್ಮ ಮನೆಗೆ ಹೋದರು.

ಅಂದರೆ ನನ್ನ ಪಾಲಿಗೆ ಅಪ್ಪ ಬೀದಿ ತಿರುವಿನವರೆಗೆ ಇದ್ದರು, ಆಮೇಲೆ ಒಂದು ದೀಪ ಇತ್ತು, ನಡುವೆ ಏನಾಯಿತು ಅನ್ನುವುದು ನನಗೂ ಅಮ್ಮನಿಗೂ ಖಾಲಿ.

ಆ ಖಾಲಿ ಜಾಗದ ಬಗ್ಗೆ ತಮ್ಮನನ್ನು ಕೇಳೋಕೆ ಎರಡು ವರ್ಷ ಬೇಕಾಯಿತು. ರಾತ್ರಿ ಹನ್ನೊಂದು ಗಂಟೆ, ತೋಟದ ಪಂಪ್‌ಹೌಸ್ ಹತ್ತಿರ ಇಬ್ಬರೂ ತ್ರೀ ಫೇಸ್ ಕರೆಂಟ್ ಕಾಯುತ್ತಾ ಕೂತಿದ್ದೆವು. 'ಅವತ್ತು ಏನೇನು ಮಾಡಿಸಿದರು?' ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ನೀರು ತುಂಬಿದ ಮಡಕೆಯನ್ನು ಎಡ ಹೆಗಲ ಮೇಲೆ ಇಡ್ತಾರೆ. ಸೌದೆ ಸುತ್ತ ಮೂರು ಸುತ್ತು, ಅದೂ ದೇವಸ್ಥಾನ ಸುತ್ತೋದಕ್ಕೆ ಉಲ್ಟಾ. ಒಂದೊಂದು ಸುತ್ತಿಗೂ ಹಿಂದೆ ಬರೋರು ಮಚ್ಚಿನ ತುದಿಯಿಂದ ಮಡಕೆಗೆ ಒಂದೊಂದು ತೂತು ಮಾಡ್ತಾರೆ. ನೀರು ಚಿಮ್ಮುತ್ತೆ. ಮೂರನೇ ಸುತ್ತು ಮುಗಿದ ಮೇಲೆ ಹಿಂದಕ್ಕೆ ಬಿಟ್ಟುಬಿಡಬೇಕು. ತಿರುಗಿ ನೋಡಬಾರದು.

'ನೀರು ಬೆನ್ನ ಮೇಲೆ ಹರೀತಾ ಇತ್ತಕ್ಕ. ತಣ್ಣಗಿತ್ತು. ಅಷ್ಟೇ ನೆನಪಿರೋದು' ಅಂದ.

'ಒಡೆದ ಸದ್ದು?'

'ಕೇಳಿಸ್ತು.'

ಕರೆಂಟ್ ಬಂತು. ಅವನು ಮೋಟಾರ್ ಹಾಕೋಕೆ ಎದ್ದ.

ಆ ರಾತ್ರಿಯ ನಂತರವೇ ನಾನು ವಾರಾಂತ್ಯದ ಕುಂಬಾರಿಕೆ ಕ್ಲಾಸಿಗೆ ಸೇರಿದ್ದು. ಮಡಕೆ ಅಂದರೆ ಏನು ಅಂತ ಕೈಯಲ್ಲಿ ತಿಳಿಯಬೇಕು ಅನ್ನಿಸಿತ್ತು. ತಿಂಗಳುಗಟ್ಟಲೆ ತಿಗರಿ ಮೇಲೆ ಮಣ್ಣು ನಡುವಿಗೇ ನಿಲ್ಲಲಿಲ್ಲ. ಆ ಕಥೆ ಕಲಿಯುವವರೆಲ್ಲರದೂ ಒಂದೇ, ಬಿಡಿ. ಆದರೆ ಒಂದು ದಿನ ಕಲಿಸುವವರು ಒಂದು ದೊಡ್ಡ ಮಣ್ಣಿನ ಗುಡ್ಡೆಯನ್ನು ತಿಗರಿ ಮೇಲೆ ಇಟ್ಟು, ಅದರ ತುದಿಯಿಂದ ಒಂದರ ಹಿಂದೆ ಒಂದು ಸಣ್ಣ ಕುಡಿಕೆ ಎತ್ತಿ ತೋರಿಸಿದರು. ತಿಗರಿ ನಿಲ್ಲಿಸಲೇ ಇಲ್ಲ. ತಿರುಗುತ್ತಿರುವಾಗಲೇ ಬುಡಕ್ಕೆ ದಾರ ಹಾಕಿ ಎಳೆದರು, ಕುಡಿಕೆ ಕೈಗೆ ಬಂತು. ನನ್ನ ಕೈಗೆ ಕೊಟ್ಟರು. ತಳ ಮುಟ್ಟಿದೆ. ದಾರ ಎಳೆದ ಕಡೆ ಸಣ್ಣ ಸಣ್ಣ ಗೆರೆಗಳು, ಒಂದು ಬದಿಯಿಂದ ಶುರುವಾಗಿ ಬಳಸಿಕೊಂಡು ಹೋಗಿ, ಕಪ್ಪೆಚಿಪ್ಪಿನ ಮೇಲಿನ ಗೆರೆಯ ಹಾಗೆ.

ಆ ಗೆರೆ ನನ್ನ ಬೆರಳಿಗೆ ಮೊದಲೇ ಗೊತ್ತಿತ್ತು.

ಅಪ್ಪ ಹೋದ ಮೂರನೇ ದಿನ ಹಾಲು ತುಪ್ಪ ಬಿಟ್ಟು, ಅವರ ಮೂಳೆಗಳನ್ನು ಒಂದು ಕುಡಿಕೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೊರಟೆವು. ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗಿ ಹರಿಯುವುದರಿಂದ ಆ ಹೆಸರು, ಅದಕ್ಕೇ ನಮ್ಮ ಸೀಮೆಯವರೆಲ್ಲ ಅಸ್ಥಿ ಬಿಡೋಕೆ ಹೋಗುವುದು ಅಲ್ಲಿಗೇ. ಕುಡಿಕೆ ತಮ್ಮನ ಕೈಯಲ್ಲೇ ಇರಬೇಕಿತ್ತು. ಆದರೆ ಕಾರು ಓಡಿಸಬೇಕಾಗಿದ್ದವನೂ ಅವನೇ. ಅದಕ್ಕೆ ಅದು ನನ್ನ ತೊಡೆಯ ಮೇಲೆ ಬಂತು. ಹದಿನೈದು ಇಪ್ಪತ್ತು ನಿಮಿಷದ ದಾರಿ. ಅಷ್ಟು ಹೊತ್ತೂ ನನ್ನ ಎರಡೂ ಕೈ ಅದರ ಅಡಿಯಲ್ಲಿತ್ತು, ಬೆರಳು ಆ ಗೆರೆಗಳ ಮೇಲೇ ಓಡಾಡುತ್ತಿತ್ತು. ಏನು ಅಂತ ಗೊತ್ತಿರಲಿಲ್ಲ, ಒರಟು ಅಂತ ಮಾತ್ರ ಗೊತ್ತಿತ್ತು. ಕ್ಲಾಸಿನಲ್ಲಿ ಆ ದಿನ ಗೊತ್ತಾಯಿತು. ಯಾರೋ ಒಬ್ಬರು ಎಲ್ಲೋ ಕೂತು ತಿಗರಿ ನಿಲ್ಲಿಸದೆ, ಒಂದರ ಹಿಂದೆ ಒಂದು ಐವತ್ತೋ ನೂರೋ ಎತ್ತಿ ಸಾಲಾಗಿ ಇಟ್ಟಿದ್ದರಲ್ಲಿ ಒಂದು ಅಪ್ಪನದಾಗಿತ್ತು. ಯಾರಿಗೆ ಅಂತ ಅವರಿಗೆ ಗೊತ್ತಿರಲಿಲ್ಲ. ಆದರೂ ಅದರ ಅಳತೆ ಸರಿಯಾಗಿತ್ತು.

ಆಮೇಲೆ ಶುರುವಾಯಿತು ನೋಡಿ ನನ್ನ ಹುಡುಕಾಟ. ಎಲ್ಲಿ ಹೋದರೂ ಸತ್ತವರ ಮಡಕೆ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಅಂದರೆ ನಾವು ಶಾಲೆಯಲ್ಲಿ ಓದಿದ್ದು ಅಶೋಕನ ಶಾಸನ ಅಂತ ಮಾತ್ರ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಅದಕ್ಕಿಂತ ಎಷ್ಟೋ ಹಳೆಯ ಊರು ಸಿಕ್ಕಿತು. ಕಲ್ಲಿನ ಕೊಡಲಿ ಹಿಡಿದು ಬದುಕುತ್ತಿದ್ದ ಆ ಜನ ದೊಡ್ಡವರನ್ನು ಉದ್ದಕ್ಕೆ ಮಲಗಿಸಿ ಹೂಳುತ್ತಿದ್ದರು. ಎಳೆ ಮಕ್ಕಳನ್ನು ಮಾತ್ರ ಕೈಕಾಲು ಮಡಿಸಿ ಮಡಕೆಯೊಳಗೆ ಇಡುತ್ತಿದ್ದರು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತುಕೊಂಡೆ. ಮಡಕೆಗೆ ಬಾಯಿ, ಕೊರಳು, ಹೊಟ್ಟೆ ಅಂತ ಹೆಸರಿಟ್ಟವರು ನಾವು. ಹುಟ್ಟಿದ ಸ್ವಲ್ಪ ದಿನಕ್ಕೇ ಹೋದ ಮಗುವನ್ನು ಮತ್ತೆ ಒಂದು ಹೊಟ್ಟೆಯೊಳಗೆ ಇಡಬೇಕು ಅಂತ ಯಾವುದೋ ತಾಯಿಗೆ ಅನ್ನಿಸಿದ್ದರೆ ಅದರಲ್ಲಿ ವಿವರಿಸಿ ಹೇಳುವಂಥದ್ದು ಏನಿದೆ?

ಅದೇ ಬ್ರಹ್ಮಗಿರಿಯಲ್ಲಿ, ಅವರ ಆಮೇಲೆ ಬಂದ ಕಬ್ಬಿಣದ ಕಾಲದವರು ದೊಡ್ಡ ದೊಡ್ಡ ಕಲ್ಲು ಚಪ್ಪಡಿಗಳನ್ನು ಸೇರಿಸಿ ಗೋರಿ ಕಟ್ಟಿದರು. ಅಂಥ ಕಲ್ಲುಮನೆ ಕಣ್ಣಾರೆ ನೋಡಬೇಕು ಅಂದರೆ ಗಂಗಾವತಿ ಹತ್ತಿರದ ಹಿರೇಬೆಣಕಲ್‌ಗೆ ಹೋಗಬೇಕು. ಬೆಳಗ್ಗೆ ಬೇಗ ಬೆಟ್ಟ ಹತ್ತಿ, ಬಿಸಿಲು ಜಾಸ್ತಿ. ಮೇಲೆ ಸುಮಾರು 400 ಕಲ್ಲಿನ ರಚನೆಗಳಿವೆ. ಕೆಲವು ಆಳಿಗಿಂತ ಎತ್ತರ, ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಊರಿನವರು ಮೋರೇರ ಗುಡ್ಡ ಅಂತಾರೆ, ಹಿಂದೆ ಕುಳ್ಳ ಜನ ಇಲ್ಲಿ ಮನೆ ಮಾಡಿಕೊಂಡಿದ್ದರು ಅಂತಾರೆ. ನಾನು ಹೋದಾಗ ಆ ಕಂಡಿಯೊಳಗೆ ಗಾಳಿ ಸುಯ್ ಅಂತಿತ್ತು. ಸತ್ತವರಿಗೂ ಮನೆ ಬೇಕು, ಮನೆಗೆ ಒಂದು ಕಂಡಿ ಬೇಕು ಅಂತ ಅಂದುಕೊಂಡವರು ಕಟ್ಟಿದ್ದು.

ಇಂಥ ಗೋರಿಗಳಲ್ಲಿ ಸಿಗುವ ಮಡಕೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನನಗೆ ಇಡೀ ದಕ್ಷಿಣದಲ್ಲಿ ಅತಿ ಇಷ್ಟದ ಮಡಕೆ ಅದು. ಒಂದೇ ಮಡಕೆ, ಎರಡು ಬಣ್ಣ. ಒಳಗೆಲ್ಲ ಕಪ್ಪು, ಬಾಯಿಯ ಅಂಚಿನಿಂದ ಒಂದಷ್ಟು ಕೆಳಗಿನವರೆಗೂ ಕಪ್ಪು. ಅದರ ಕೆಳಗೆ ಕೆಂಪು. ಬಳಿದ ಬಣ್ಣ ಅಲ್ಲ ಅದು. ಮಡಕೆಯನ್ನು ಬೋರಲು ಹಾಕಿ, ಬಾಯಿ ಕಡೆ ಹೊಟ್ಟಲ್ಲೋ ಬೂದಿಯಲ್ಲೋ ಹುದುಗಿಸಿ ಸುಟ್ಟರೆ, ಗಾಳಿ ಸಿಗದ ಭಾಗಕ್ಕೆ ಹೊಗೆ ಕುಡಿದು ಕಪ್ಪು ಬರುತ್ತದೆ, ಗಾಳಿ ಆಡಿದ ಭಾಗ ಕೆಂಪಾಗುತ್ತದೆ. ಎರಡೂ ಸೇರುವ ಕಡೆ ಗೆರೆ ಎಳೆದ ಹಾಗಿರಲ್ಲ, ಸಂಜೆ ಕತ್ತಲಾಗುವ ಹಾಗೆ ಒಂದರೊಳಗೆ ಒಂದು ಕರಗಿರುತ್ತದೆ.

ತಮಿಳುನಾಡಿನ ಆದಿಚ್ಚನಲ್ಲೂರಿನಲ್ಲಿ, ತಾಮ್ರಪರ್ಣಿ ನದಿ ದಡದಲ್ಲಿ, ಸತ್ತವರನ್ನು ಇಟ್ಟ ದೊಡ್ಡ ಗುಡಾಣಗಳೇ ಸಿಕ್ಕಿವೆ. ಸಂಗಂ ಕಾಲದ ಒಂದು ತಮಿಳು ಪದ್ಯದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ಮಾತಾಡುತ್ತಾಳೆ. ಅವಳು ಮಾತಾಡುವುದು ದೇವರ ಜತೆ ಅಲ್ಲ, ನೆಂಟರ ಜತೆ ಅಲ್ಲ, ಊರ ಕುಂಬಾರನ ಜತೆ. ಗಾಡಿಯ ಗಾಲಿಗೆ ಅಂಟಿಕೊಂಡ ಪುಟ್ಟ ಬಿಳಿ ಹಲ್ಲಿ ಗಾಡಿ ಹೋದಲ್ಲೆಲ್ಲ ಹೋಗುತ್ತಲ್ಲ, ಹಾಗೆ ಗಂಡನ ಜತೆ ಕಾಡುಮೇಡೆಲ್ಲ ದಾಟಿ ಬಂದವಳು ತಾನು, ಅದಕ್ಕೆ ಗಂಡನಿಗೆ ಮಾಡುವ ಗುಡಾಣವನ್ನು ತನಗೂ ಜಾಗ ಆಗುವಷ್ಟು ಅಗಲ ಮಾಡು ಅಂತ ಕೇಳಿಕೊಳ್ಳುತ್ತಾಳೆ. ದುಃಖದಲ್ಲಿ ಹೋಗಿ ನಿಲ್ಲಬೇಕಾದ ಬಾಗಿಲು ಕುಂಬಾರನದು ಅಂತ ಆ ಕಾಲಕ್ಕೆ ಗೊತ್ತಿತ್ತು, ಅಲ್ವಾ? ನಾವು ಈಗ ಅದೇ ಬಾಗಿಲಿಗೆ ಹೋಗುತ್ತೇವೆ, ಮಾತಾಡದೆ ಬರುತ್ತೇವೆ.

ಬೇರೆ ದೇಶದ್ದು ಹುಡುಕಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಶ್ಚಿಮ ಆಫ್ರಿಕಾದ, ಈಗಿನ ಘಾನಾದ ಅಕಾನ್ ಜನ. ಅಲ್ಲಿ ದೊಡ್ಡ ಮನೆತನದವರು ಸತ್ತರೆ ಅವರ ನೆನಪಿಗೆ ಸುಟ್ಟ ಮಣ್ಣಿನಲ್ಲಿ ತಲೆ ಮಾಡುತ್ತಿದ್ದರು. ಕಣ್ಣು ಅರೆ ಮುಚ್ಚಿದ, ಕೊರಳಿಗೆ ಸುತ್ತು ಸುತ್ತು ಗೆರೆ ಇರುವ ಶಾಂತ ಮುಖಗಳು. ಆ ಮಣ್ಣಿನ ಕೆಲಸ ಹೆಂಗಸರದು, ಅದರಲ್ಲೂ ವಯಸ್ಸಾದವರದು. ಆ ತಲೆಗಳನ್ನು ಇಡುವ ಜಾಗಕ್ಕೆ ಅವರ ಭಾಷೆಯಲ್ಲಿ ಅಸೆನ್ಸಿಯೆ ಅಂತ ಹೆಸರು. ಮಡಕೆಗಳ ಜಾಗ ಅಂತ ಅರ್ಥ. ಜತೆಗೆ ಕುಟುಂಬದ ಮಡಕೆ ಅಂತ ಒಂದು ಇರುತ್ತಿತ್ತು, ಸಾವಿನ ಮನೆಯವರು ಬೋಳಿಸಿಕೊಂಡ ಕೂದಲನ್ನು ಅದರಲ್ಲಿ ಹಾಕುತ್ತಿದ್ದರು. ನಮ್ಮ ತಮ್ಮನ ಬೋಳಿಸಿದ ತಲೆ ನೆನಪಾಯಿತು. ಸ್ಮಶಾನದ ದಾರಿಯಲ್ಲಿ ನನ್ನನ್ನು ತಡೆದರು. ಅಲ್ಲಿ ಸತ್ತವರ ಮುಖವನ್ನು ಮಣ್ಣಲ್ಲಿ ಕಾಣಿಸುವ ಕೆಲಸವನ್ನೇ ಅಜ್ಜಿಯರ ಕೈಗೆ ಕೊಟ್ಟಿದ್ದರು. ಇದನ್ನು ನಾನು ಎಷ್ಟು ಸಲ ಅಂದುಕೊಂಡಿದ್ದೀನೋ ಲೆಕ್ಕ ಇಲ್ಲ.

2014ರಲ್ಲಿ ಲಂಡನ್ ಟವರ್ ಸುತ್ತಲಿನ ಒಣ ಕಂದಕದಲ್ಲಿ ಕೆಂಪು ಸೆರಾಮಿಕ್ ಹೂಗಳನ್ನು ನೆಟ್ಟಿದ್ದು ಎಷ್ಟೋ ಜನ ಫೋಟೋದಲ್ಲಿ ನೋಡಿರುತ್ತೀರಿ. ಸೆರಾಮಿಕ್ ಕಲಾವಿದ ಪಾಲ್ ಕಮಿನ್ಸ್, ರಂಗವಿನ್ಯಾಸಕ ಟಾಮ್ ಪೈಪರ್ ಇಬ್ಬರೂ ಸೇರಿ ಮಾಡಿದ್ದು. ಮೊದಲ ಮಹಾಯುದ್ಧ ಶುರುವಾಗಿ ನೂರು ವರ್ಷ ಆದ ನೆನಪಿಗೆ, ಬ್ರಿಟನ್ ಮತ್ತು ಅದರ ವಸಾಹತುಗಳ ಪರವಾಗಿ ಸತ್ತ ಒಬ್ಬೊಬ್ಬ ಸೈನಿಕನಿಗೆ ಒಂದೊಂದು ಗಸಗಸೆ ಹೂ, ಒಟ್ಟು 8,88,246. ಅಷ್ಟನ್ನೂ ಕೈಯಲ್ಲೇ ಮಾಡಿದರು. ಕೊನೆಯ ಹೂ ನೆಟ್ಟಿದ್ದು ನವೆಂಬರ್ 11ಕ್ಕೆ. ಆಮೇಲೆ ಅವನ್ನು ಕಿತ್ತು, ಹೆಚ್ಚಿನವನ್ನು ಹಣ ಕೊಟ್ಟ ಜನರಿಗೆ ಒಂದೊಂದಾಗಿ ಕಳಿಸಿದರು. ದೂರದಿಂದ ನೋಡಿದರೆ ಕೆಂಪು ಹೊಳೆ. ಅಷ್ಟು ದೊಡ್ಡದನ್ನು ನೋಡಿದರೆ ನನಗೆ ಸ್ವಲ್ಪ ಅನುಮಾನ ಬರುತ್ತದೆ, ಸೌಂದರ್ಯ ಜಾಸ್ತಿಯಾದರೆ ಸಾವು ಕಾಣದೆ ಹೋಗಬಹುದು. ಆದರೆ ಒಬ್ಬರಿಗೆ ಒಂದು ಅನ್ನುವ ಲೆಕ್ಕ ನನಗೆ ಒಪ್ಪಿಗೆಯಾಯಿತು. ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾದಲ್ಲಿ ಕುದುರೆ ಮೇಲೆ ಹೋಗಿ ಹೋರಾಡಿದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಕುದುರೆ ದಳ, ಮೈಸೂರು ಲ್ಯಾನ್ಸರ್ಸ್‌ನವರೂ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ಪಾಟರಿ ಟೌನ್‌ನಿಂದ ಅಷ್ಟೇನೂ ದೂರವಿಲ್ಲ. ನಾನು ಮಣ್ಣು ತರೋಕೆ ಹೋದಾಗ ಒಮ್ಮೊಮ್ಮೆ ಆ ಕಡೆಯಿಂದ ಬರುತ್ತೇನೆ.

ಇನ್ನೊಬ್ಬ ಸೆರಾಮಿಕ್ ಕಲಾವಿದರು ಜೂಲಿಯನ್ ಸ್ಟೇರ್. ಇವರೂ ಇಂಗ್ಲೆಂಡಿನವರು. 2012ರಲ್ಲಿ ಮಿಡಲ್ಸ್‌ಬರೋದಲ್ಲಿ ಇಡೀ ಪ್ರದರ್ಶನವನ್ನೇ ಸಾವಿನ ಪಾತ್ರೆಗಳ ಮೇಲೆ ಮಾಡಿದರು. ಚಿತಾಭಸ್ಮದ ಜಾಡಿಗಳು, ಮನುಷ್ಯನ ಅಳತೆಯ ದೊಡ್ಡ ದೊಡ್ಡ ಗುಡಾಣಗಳು. ಅದರಲ್ಲಿ ಒಂದು ಜಾಡಿಯ ಮಣ್ಣಿಗೇ ಒಬ್ಬ ಮನುಷ್ಯನ ಚಿತಾಭಸ್ಮ ಬೆರೆಸಿದ್ದರು. ಕೇಳೋಕೆ ವಿಚಿತ್ರ ಅನ್ನಿಸಬಹುದು, ಆದರೆ ಬೋನ್ ಚೈನಾ ಅಂತ ನಾವು ಟೀ ಕುಡಿಯುವ ಕಪ್ಪಿನಲ್ಲೇ ಹೆಚ್ಚುಕಮ್ಮಿ ಅರ್ಧ ಸುಟ್ಟ ದನದ ಮೂಳೆಯ ಪುಡಿ ಇರುತ್ತದೆ, ಆ ಬಿಳುಪು ಆ ತೆಳುವು ಅದರಿಂದಲೇ. ಆ ಜಾಡಿಯ ಬಗ್ಗೆ ನಾನು ತುಂಬ ದಿನ ಯೋಚನೆ ಮಾಡಿದೆ. ಅಪ್ಪನನ್ನು ಹಾಗೆ ಇಟ್ಟುಕೊಳ್ಳಬಹುದಿತ್ತಾ? ಇಲ್ಲ. ನನಗೆ ಆಗಲ್ಲ. ಅವರು ಕಾವೇರಿಯಲ್ಲೇ ಇರಬೇಕು. ಇಟ್ಟುಕೊಳ್ಳುವುದು ಸ್ಟೇರ್ ಅವರ ದಾರಿ, ಬಿಟ್ಟುಬಿಡುವುದು ನಮ್ಮದು.

ಹಾಗಂತ ಅಂದುಕೊಂಡಿದ್ದೆ. ಆದರೆ ಮಣ್ಣು ಕಲಿಯುತ್ತಾ ಹೋದ ಹಾಗೆ ಒಂದು ವಿಷಯ ಅಡ್ಡ ಬಂತು. ಹಸಿ ಮಡಕೆ ಒಡೆದರೆ ನೀರಲ್ಲಿ ನೆನೆಸಿ ಮತ್ತೆ ಕಲಸಬಹುದು. ಒಮ್ಮೆ ಆವಿಗೆಯಲ್ಲಿ ಸುಮಾರು 600 ಡಿಗ್ರಿ ದಾಟಿತು ಅಂದರೆ ಮಣ್ಣಿನ ಕಣದೊಳಗೆ ಬೆಸೆದುಕೊಂಡಿದ್ದ ನೀರೂ ಹೊರಟುಹೋಗಿರುತ್ತದೆ. ಆಮೇಲೆ ಎಷ್ಟು ವರ್ಷ ನೆನೆಸಿದರೂ ಅದು ಜೇಡಿಮಣ್ಣು ಆಗಲ್ಲ. ಬ್ರಹ್ಮಗಿರಿಯ ಚೂರುಗಳು ಇವತ್ತಿಗೂ ಸಿಗುವುದು ಅದಕ್ಕೇ. ಅಂದರೆ ನಮ್ಮ ತಮ್ಮ ತಿರುಗಿ ನೋಡದೆ ಹಿಂದಕ್ಕೆ ಬಿಟ್ಟ ಮಡಕೆಯ ಚೂರು ನಮ್ಮೂರ ಸ್ಮಶಾನದಲ್ಲಿ ಅಪ್ಪನ ಬೂದಿಗಿಂತ, ಅವನಿಗಿಂತ, ನನಗಿಂತ ಜಾಸ್ತಿ ದಿನ ಇರುತ್ತದೆ. ಸಂಬಂಧ ಮುಗಿಯಿತು ಅಂತ ಒಡೆದದ್ದೇ ಉಳಿದುಬಿಡುತ್ತದೆ.

ಆಗ ನಿರ್ಧಾರ ಮಾಡಿದೆ, ಆ ಮಡಕೆ ಮಾಡಬೇಕು. ಮೂರು ತೂತಿನದು.

ಮೊದಲು ಮಾಡಿದ್ದು ಅಂದವಾಗಿ ಬಂತು, ಅದೇ ತಪ್ಪಾಗಿದ್ದು. ಅರೆ ಒಣಗಿದ ಮಡಕೆಗೆ ಕೊಳವೆಯಿಂದ ದುಂಡಗೆ ಮೂರು ತೂತು ಕೊರೆದು ಸುಟ್ಟಿದ್ದೆ. ನೋಡಿದವರು 'ಒಳಗೆ ಬಲ್ಬ್ ಹಾಕಿದರೆ ಚೆನ್ನಾಗಿರುತ್ತೆ' ಅಂದರು. ಅವರ ತಪ್ಪಲ್ಲ. ಅದು ದೀಪದ ಬುರುಡೆ ಥರಾನೇ ಇತ್ತು. ತೂತು ಮಾಡಿದ್ದು, ಆಗಿದ್ದಲ್ಲ. ಬೆಂದ ಮಡಕೆಗೆ ಏಟು ಬೀಳಬೇಕು. ಸರಿ, ಸುಟ್ಟ ಮಡಕೆಗಳನ್ನು ಸಾಲಾಗಿ ಇಟ್ಟುಕೊಂಡು ಕಲ್ಲಿನಿಂದ ಹೊಡೆದೆ. ಎಂಟು ಮಡಕೆ ಒಂದರ ಹಿಂದೆ ಒಂದು ಹೋಳಾದವು.

ಊರಿಗೆ ಹೋದಾಗ, ಅಪ್ಪನ ದಿನ ತಮ್ಮನ ಹಿಂದೆ ಮಚ್ಚು ಹಿಡಿದು ನಡೆದವರನ್ನು ಹುಡುಕಿಕೊಂಡು ಹೋದೆ. ಊರಲ್ಲಿ ಯಾರು ಸತ್ತರೂ ಆ ಕೆಲಸ ಅವರದೇ. ಈಗ ವಯಸ್ಸಾಗಿದೆ, ಜಗುಲಿ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಹೀಗೀಗೆ ಅಂದೆ. ಯಾಕೆ ಬೇಕು ಅಂತ ಅವರು ಕೇಳಲಿಲ್ಲ. 'ಹೊಡೀಬಾರ್ದು ಮಗ. ಹೊಡುದ್ರೆ ಅಲ್ಲೇ ಒಡುದೋಯ್ತದೆ. ಮೂರು ಸುತ್ತು ನಿಲ್ಬೇಕಲ್ಲ. ತುದಿ ಇಟ್ಟು ತಿರುವ್ಬೇಕು' ಅಂದು, ಬೆರಳನ್ನು ಮಚ್ಚಿನ ತುದಿಯ ಹಾಗೆ ಮಾಡಿ ಇನ್ನೊಂದು ಅಂಗೈ ಮೇಲೆ ಮೆಲ್ಲಗೆ ತಿರುಗಿಸಿ ತೋರಿಸಿದರು. ನಲವತ್ತು ವರ್ಷ ಈ ಊರಿನ ಎಲ್ಲ ಮನೆಯ ಮಡಕೆಗೂ ಅವರ ಕೈ ಅಷ್ಟು ಮೆಲ್ಲಗೆ ಬಿದ್ದಿತ್ತು ಅನ್ನುವುದು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಒಂಬತ್ತನೆಯ ಮಡಕೆ ನಿಂತಿತು. ಅದನ್ನು ಹಳೇ ಎಣ್ಣೆ ಡ್ರಮ್ಮಿನಲ್ಲಿ ಭತ್ತದ ಹೊಟ್ಟಿನ ಮೇಲೆ ಬೋರಲು ಹಾಕಿ ಸುಟ್ಟಿದ್ದೆ. ಹೊರಗಿನ ಹೊಟ್ಟೆ ಕೆಂಪು, ಒಳಗೂ ಬಾಯಿಯೂ ಕಪ್ಪು. ತೂತಿನ ಅಂಚು ಒರಟಾಗಿ ಮುರಿದಿತ್ತು. ಹತ್ತಿರದಿಂದ ನೋಡಿದರೆ ಅಲ್ಲಿ ಮೂರು ಪದರ ಕಾಣುತ್ತಿತ್ತು, ಹೊರಗೆ ಕೆಂಪು ಸಿಪ್ಪೆ, ಒಳಗೆ ಕಪ್ಪು, ನಡುವೆ ಬೂದಿ ಬಣ್ಣ. ಸುಟ್ಟ ಮಣ್ಣಿನ ಒಳಗು ಒಡೆದಾಗ ಮಾತ್ರ ಕಾಣುವುದು.

ಆ ಸಲದ ಸ್ಟುಡಿಯೋ ಪ್ರದರ್ಶನದಲ್ಲಿ ಅದನ್ನು ಇಟ್ಟೆ. ಹೆಸರು ಬರೆದಿರಲಿಲ್ಲ. ಜನ ಬಂದರು, ಹೂದಾನಿ ನೋಡಿದರು, ಟೀ ಕಪ್ ಕೊಂಡರು. ಹುಡುಗರು ಹುಡುಗಿಯರು ಅದನ್ನು ದಾಟಿ ಹೋದರು. ಅರವತ್ತು ದಾಟಿದ ಒಬ್ಬರು, ಮಗಳ ಜತೆ ಬಂದವರು, ಅದರ ಮುಂದೆ ನಿಂತುಬಿಟ್ಟರು. ಅವರ ಬಲಗೈ ತಾನಾಗೇ ಎದ್ದು ಎಡ ಹೆಗಲ ಮೇಲೆ ಹೋಗಿ ಕೂತಿತು. ಅವರಿಗೆ ಗೊತ್ತಾಗಲಿಲ್ಲ ಅನ್ನಿಸುತ್ತೆ. ಸುಮಾರು ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, 'ಮೊದಲನೇ ಸುತ್ತಲ್ಲಿ ಭಾರ ಇರುತ್ತೆ ನೋಡಿ. ಆಮೇಲೆ ಹಗುರ ಆಗ್ತಾ ಬರುತ್ತೆ. ಬಿಡೋ ಹೊತ್ತಿಗೆ ಹೆಗಲ ಮೇಲೆ ಏನೂ ಇಲ್ಲ ಅನ್ನೋ ಹಾಗಿರುತ್ತೆ' ಅಂದರು. ಪಕ್ಕದಲ್ಲಿ ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವಳಿಗೂ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

ಪ್ರದರ್ಶನ ಮುಗಿದ ಮೇಲೆ ಅದನ್ನು ಊರಿಗೆ ತಗೊಂಡು ಹೋದೆ. ಅಮ್ಮ ಬಾಗಿಲಲ್ಲೇ ತಡೆದಳು. 'ತೂತು ಮಡಕೆ ಒಳಗೆ ತರಬೇಡ' ಅಂದಳು. ನಾನು ವಾದ ಮಾಡಲಿಲ್ಲ. ಅವಳು ಹೇಳಿದ್ದು ಸರಿ, ಅದು ಮನೆಯೊಳಗಿನ ವಸ್ತು ಅಲ್ಲ. ತಮ್ಮ ಅದನ್ನು ತೋಟದ ಪಂಪ್‌ಹೌಸ್‌ನಲ್ಲಿ ಇಟ್ಟ. ಒಂದು ವರ್ಷದ ಹತ್ತಿರ ಅಲ್ಲೇ ಇತ್ತು, ಗೊಬ್ಬರದ ಚೀಲದ ಪಕ್ಕ.

ಹೋದ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟು, ಅಪ್ಪನಿಗೆ ಇಷ್ಟ ಅಂತ ಮಾಡಿದ ಕಜ್ಜಾಯ ಎಲ್ಲರಿಗೂ ಹಂಚಿ, ನೆಂಟರು ಹೋದ ಮೇಲೆ, ಅಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಎಲ್ಲಿಗೆ ಅಂದರೆ ತೋಟಕ್ಕೆ ಅಂದಳು. ನಾವಿಬ್ಬರೂ ಹಿಂದೆ ಹೋದೆವು. ಪಂಪ್‌ಹೌಸ್ ಬಾಗಿಲು ತೆಗೆಸಿದಳು. ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ತಂದು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ತೂತಿನ ಅಂಚನ್ನು ಹೆಬ್ಬೆರಳಿನಿಂದ ಸವರಿದಳು.

'ಯಾವ ಹೆಗಲು?' ಅಂತ ತಮ್ಮನನ್ನು ಕೇಳಿದಳು.

'ಎಡಗಡೆ.'

'ನೀರು ಹಾಕು.'

ತಮ್ಮ ನನ್ನ ಮುಖ ನೋಡಿದ. ನಾನು ಪೈಪ್ ತಂದೆ. ಅಮ್ಮ ಮಡಕೆಯನ್ನು ಎಡ ಹೆಗಲಿಗೆ ಇಟ್ಟುಕೊಂಡು, 'ಹೀಗಾ?' ಅಂದಳು. 'ಇನ್ನೂ ಸ್ವಲ್ಪ ಹಿಂದಕ್ಕಮ್ಮ' ಅಂತ ಅವನು ಸರಿ ಮಾಡಿದ, ಅವನ ಧ್ವನಿ ನಡುಗುತ್ತಿತ್ತು. ನಾನು ನೀರು ಬಿಟ್ಟೆ. ಮೊದಲು ಕೆಳಗಿನ ತೂತಿನಿಂದ ಬಂತು, ಆಮೇಲೆ ನಡುವಿನದು, ಆಮೇಲೆ ಮೇಲಿನದು. ಮೂರೂ ಧಾರೆ ಅವಳ ಬೆನ್ನ ಮೇಲೆ ಇಳಿದು ಸೀರೆ ನೆನೆದು ಕಾಲಡಿಯ ಮಣ್ಣು ಕಪ್ಪಾಯಿತು. ಪೈಪ್ ತೆಗೆದ ಮೇಲೂ ನೀರು ಬಸಿಯುವವರೆಗೆ ಅವಳು ಹಾಗೇ ನಿಂತಿದ್ದಳು, ತೆಂಗಿನ ಸಾಲಿನ ಕಡೆ ಮುಖ ಮಾಡಿ.

'ತಣ್ಣಗಿದೆ' ಅಂದಳು.

ಆಮೇಲೆ ಮಡಕೆ ಕೆಳಗಿಳಿಸಿ, ಸೆರಗಿನಲ್ಲಿ ಒರೆಸಿ, ತೊಳೆದ ಪಾತ್ರೆ ಇಡುವ ಹಾಗೆ ತೊಟ್ಟಿಯ ಕಟ್ಟೆ ಮೇಲೆ ಬೋರಲು ಹಾಕಿದಳು.